ಒಂದೇ ಕಾಲ್‌ಬ್ಯಾಕ್‌ಗೆ ಮೂರು ಅನಿಮೇಶನ್ ಬಂದ್ರೆ, ಮುಗಿದಿದ್ದು ಯಾವ್ದು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ?

ಮೊಬೈಲ್ ಆ್ಯಪ್ ಬರೆಯೋಕೆ ಶುರು ಮಾಡಿ ಮೂರ್ನಾಲ್ಕು ತಿಂಗಳಾದವರು ಹೆಚ್ಚುಕಮ್ಮಿ ಎಲ್ರೂ ಕೇಳೋ ಪ್ರಶ್ನೆ ಇದು. "ಸ್ಕ್ರೀನಲ್ಲಿ ಮೂರು ಅನಿಮೇಶನ್ ಓಡ್ತಾ ಇದೆ, ಮೂರಕ್ಕೂ ಡೆಲಿಗೇಟ್ ಒಂದೇ, ಮುಗಿದಾಗ ಬರೋ ಮೆಥಡ್ಡೂ ಒಂದೇ, ಈಗ ಮುಗಿದಿದ್ದು ಯಾವ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಚಾಟಲ್ಲಿ ತುಂಡು ತುಂಡಾಗಿ ಉತ್ತರ ಕೊಟ್ಟೂ ಕೊಟ್ಟೂ ಪ್ರತಿ ಸಲ ಅರ್ಧ ವಿಷಯ ಬಿಟ್ಟೋಗ್ತಾ ಇತ್ತು, ಅದಕ್ಕೆ ಈ ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ. ಐಫೋನ್ ಕಡೆ ವಿಷಯ ಜಾಸ್ತಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ಎಡವೋದು ಅಲ್ಲೇ ಹೆಚ್ಚು. ಆಂಡ್ರಾಯ್ಡ್, ಫ್ಲಟರ್ ಆಮೇಲೆ ಬರತ್ತೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಮೆಥಡ್ ಹೆಸರು, ಪ್ರಾಪರ್ಟಿ ಹೆಸರು ಎಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೀತಾ ಇದೀನಿ. ಎಡಿಟರ್‌ನಲ್ಲಿ ಮೊದಲ ನಾಲ್ಕೈದು ಅಕ್ಷರ ಇಂಗ್ಲಿಷಲ್ಲಿ ಹೊಡೆದ್ರೆ ಆಟೋಕಂಪ್ಲೀಟ್ ತಾನೇ ಉಳಿದಿದ್ದು ತೋರಿಸತ್ತೆ, ಹುಡುಕೋಕೆ ಕಷ್ಟ ಆಗಲ್ಲ.

ಶುರು ಮಾಡೋ ಮುಂಚೆ

ಸ್ವಿಫ್ಟ್ ಅಥವಾ ಕಾಟ್ಲಿನ್‌ನಲ್ಲಿ ಒಂದು ವ್ಯೂನ ಅಲ್ಲಾಡಿಸಿ ಗೊತ್ತಿದ್ರೆ ಸಾಕು. ಕೆಲವು ಪದಗಳು ಮಾತ್ರ ಸ್ಪಷ್ಟ ಇರಲಿ.

ಕಾಲ್‌ಬ್ಯಾಕ್ ಅಂದ್ರೆ ನಾವು ಬರೆದಿಟ್ಟು ಸಿಸ್ಟಮ್ ಕರೆಯೋ ಮೆಥಡ್. ಅಡುಗೆ ಆದ್ಮೇಲೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದ ಹಾಗೆ. ಡೆಲಿಗೇಟ್ ಅಂದ್ರೆ ಆ ಫೋನ್ ಯಾರಿಗೆ ಬರಬೇಕು ಅನ್ನೋದು, ಸಾಮಾನ್ಯವಾಗಿ ನಿಮ್ಮ ವ್ಯೂ ಕಂಟ್ರೋಲರ್. ಆಂಡ್ರಾಯ್ಡಲ್ಲಿ ಇದೇ ಕೆಲಸ ಮಾಡೋದಕ್ಕೆ ಲಿಸನರ್ ಅಂತಾರೆ. ಲೇಯರ್ ಅಂದ್ರೆ ಐಫೋನಲ್ಲಿ ಪ್ರತಿ ವ್ಯೂ ಹಿಂದೆ ಇರೋ, ನಿಜವಾಗಿ ಚಿತ್ರ ಹಿಡ್ಕೊಂಡಿರೋ ಪದರ. ಐಫೋನಿನ ಅನಿಮೇಶನ್ ವ್ಯವಸ್ಥೆಗೆ ಕೋರ್ ಅನಿಮೇಶನ್ ಅಂತಾರೆ, ಅದು ಕೆಲಸ ಮಾಡೋದು ಈ ಪದರದ ಮೇಲೆ.

ಉದಾಹರಣೆಗೆ ಒಂದು ತಿಂಡಿ ಆರ್ಡರ್ ಮಾಡೋ ಆ್ಯಪ್ ಇಟ್ಕೊಳ್ಳೋಣ. ಮಸಾಲೆ ದೋಸೆ ಪಕ್ಕ ಇರೋ "ಸೇರಿಸು" ಬಟನ್ ಒತ್ತಿದ್ರೆ ದೋಸೆ ಚಿತ್ರ ಹಾರ್ಕೊಂಡು ಹೋಗಿ ಕಾರ್ಟ್‌ಗೆ ಬೀಳಬೇಕು, ಬಿದ್ದ ಮೇಲೆ ಕಾರ್ಟ್ ಮೇಲಿನ ಕೆಂಪು ಸಂಖ್ಯೆ ಒಂದ್ಸಲ ಕುಣೀಬೇಕು, ಅಷ್ಟರಲ್ಲಿ ಬಟನ್ ಮಸುಕಾಗಿ ಮತ್ತೆ ಬರಬೇಕು. ಇವಕ್ಕೆ ಹಾರಾಟ, ಕುಣಿತ, ಮಸುಕು ಅಂತ ಹೆಸರಿಡೋಣ. ಹಾರಾಟ ಮುಗಿದಾಗ ಹಾರಿದ ಚಿತ್ರ ತೆಗೀಬೇಕು, ಕುಣಿತ ಮುಗಿದಾಗ ಏನೂ ಬೇಡ, ಮಸುಕು ಮುಗಿದಾಗ ಬಟನ್ ಮತ್ತೆ ಒತ್ತೋ ಹಾಗೆ ಮಾಡ್ಬೇಕು. ಮೂರರ ಸುದ್ದಿನೂ "ಅನಿಮೇಶನ್‌ಡಿಡ್‌ಸ್ಟಾಪ್" ಅನ್ನೋ ಒಂದೇ ಮೆಥಡ್‌ಗೆ ಬರತ್ತೆ, ಆ ಮೆಥಡ್ ನಿಮ್ಮ ಕೈಗೆ ಕೊಡೋದು ಎರಡೇ: ಒಂದು ಅನಿಮೇಶನ್ ಆಬ್ಜೆಕ್ಟು, ಮತ್ತೆ "ಫಿನಿಶ್ಡ್" ಅನ್ನೋ ಹೌದು-ಇಲ್ಲ ಬೆಲೆ.

ಹಂತ 1: ಆಬ್ಜೆಕ್ಟ್ ಹೋಲಿಸೋದನ್ನ ಬಿಟ್ಟುಬಿಡಿ

ಎಲ್ರಿಗೂ ಮೊದಲು ಹೊಳೆಯೋ ಉಪಾಯ ಇದು. ಹಾರಾಟದ ಅನಿಮೇಶನ್ನ ಒಂದು ವೇರಿಯಬಲ್‌ನಲ್ಲಿ ಇಟ್ಕೊಳ್ಳೋಣ, ಕಾಲ್‌ಬ್ಯಾಕಲ್ಲಿ ಬಂದಿದ್ದು ಅದೇನಾ ಅಂತ ನೋಡೋಣ. ನೋಡಿದ್ರೆ ಯಾವತ್ತೂ ಹೊಂದಲ್ಲ. ತಲೆ ಕೆಡಿಸ್ಕೊಂಡು ಬರೋದು ಇಲ್ಲಿಂದಾನೇ.

ಕಾರಣ ಸರಳ. "ಆ್ಯಡ್ ಅನಿಮೇಶನ್" ಅಂತ ಲೇಯರ್‌ಗೆ ಕೊಟ್ಟಾಗ ಲೇಯರ್ ನೀವು ಕೊಟ್ಟಿದ್ದನ್ನ ಇಟ್ಕೊಳ್ಳಲ್ಲ, ಅದರದ್ದೊಂದು ಕಾಪಿ ಮಾಡಿ ಇಟ್ಕೊಳ್ಳತ್ತೆ. ಓಡೋದು ಆ ಕಾಪಿ, ಕಾಲ್‌ಬ್ಯಾಕಲ್ಲಿ ವಾಪಸ್ ಬರೋದೂ ನಿಮ್ಮ ಕೈಲಿರೋ ಮೂಲ ಅಲ್ಲ. ತಾಲ್ಲೂಕು ಆಫೀಸಲ್ಲಿ ಜೆರಾಕ್ಸ್ ಕೊಟ್ಟು ಮೂಲ ಪತ್ರ ಮನೇಲಿಟ್ಟ ಹಾಗೆ. ಎರಡರಲ್ಲೂ ಬರೆದಿರೋದು ಒಂದೇ, ಕಾಗದ ಮಾತ್ರ ಬೇರೆ.

ಇದರಿಂದ ಇನ್ನೊಂದು ಎಡವಟ್ಟೂ ಆಗತ್ತೆ, ಇದನ್ನ ಯಾರೂ ಮೊದಲೇ ಹೇಳಲ್ಲ. ಜೆರಾಕ್ಸ್ ಮಾಡಿಸಿದ ಮೇಲೆ ಮೂಲದ ಮೇಲೆ ಸಹಿ ಹಾಕಿದ್ರೆ ಜೆರಾಕ್ಸಲ್ಲಿ ಸಹಿ ಬರಲ್ಲ ತಾನೆ? ಹಾಗೇ ಲೇಯರ್‌ಗೆ ಸೇರಿಸಿದ ಮೇಲೆ ಅನಿಮೇಶನ್‌ಗೆ ಡೆಲಿಗೇಟ್ ಹಾಕಿದ್ರೆ, ಸಮಯ ಬದಲಾಯಿಸಿದ್ರೆ, ಹೆಸರು ಅಂಟಿಸಿದ್ರೆ ಯಾವ್ದೂ ಓಡ್ತಾ ಇರೋದಕ್ಕೆ ತಲುಪಲ್ಲ. ಕಾಲ್‌ಬ್ಯಾಕ್ ಬರ್ತಾನೇ ಇಲ್ಲ ಅನ್ನೋ ದೂರಿನಲ್ಲಿ ಎಷ್ಟೋ ಸಲ ತಪ್ಪು ಇದೇ ಇರತ್ತೆ, ಡೆಲಿಗೇಟ್ ಹಾಕಿದ ಸಾಲು ಆ್ಯಡ್ ಮಾಡಿದ ಸಾಲಿಗಿಂತ ಕೆಳಗಿರತ್ತೆ. ಅನಿಮೇಶನ್‌ಗೆ ಏನೇನು ಹೇಳ್ಬೇಕೋ ಎಲ್ಲಾ ಹೇಳಿ ಮುಗಿಸಿ, ಕೊನೇ ಸಾಲಲ್ಲಿ ಮಾತ್ರ ಲೇಯರ್‌ಗೆ ಸೇರಿಸಿ.

ಕೆಲವರು ಇನ್ನೊಂದು ದಾರಿ ಹಿಡೀತಾರೆ. ಸೇರಿಸುವಾಗ ಕೊಟ್ಟ ಕೀ, ಅಂದ್ರೆ ಗುರುತಿನ ಹೆಸರಿಂದ, "ಅನಿಮೇಶನ್ ಫಾರ್ ಕೀ" ಅಂತ ಲೇಯರ್‌ನೇ ಕೇಳಿ, ಸಿಕ್ಕಿದ್ದನ್ನ ಕಾಲ್‌ಬ್ಯಾಕಲ್ಲಿ ಬಂದಿದ್ದರ ಜೊತೆ ಹೋಲಿಸೋದು. ಇದೂ ಬರೀ ಹಾಗೇ ಮಾಡಿದ್ರೆ ನಡೆಯಲ್ಲ, ಯಾಕಂದ್ರೆ ಕಾಲ್‌ಬ್ಯಾಕ್ ಬರೋ ಹೊತ್ತಿಗೆ ಮುಗಿದ ಅನಿಮೇಶನ್ನ ಲೇಯರ್ ಕಿತ್ತು ಹಾಕಿರತ್ತೆ, ಕೇಳಿದ್ರೆ ನಿಲ್, ಅಂದ್ರೆ ಖಾಲಿ, ಸಿಗತ್ತೆ. "ರಿಮೂವ್ಡ್ ಆನ್ ಕಂಪ್ಲೀಶನ್" ಅನ್ನೋದನ್ನ ಫಾಲ್ಸ್ ಮಾಡಿದ್ರೆ ಸಿಗತ್ತೆ, ಹೋಲಿಕೆನೂ ಹೊಂದತ್ತೆ. ಆದ್ರೆ ಆಮೇಲೆ ನೀವೇ ಮರೀದೆ ಕಿತ್ತು ಹಾಕ್ಬೇಕು, ಇಲ್ಲಾಂದ್ರೆ ಮುಗಿದ ಅನಿಮೇಶನ್ ಲೇಯರ್ ಮೇಲೇ ಕೂತಿರತ್ತೆ. ನಾನು ಇದನ್ನ ಯಾರಿಗೂ ಹೇಳಿಕೊಡಲ್ಲ. ಬರೀ ಗುರುತು ಹಿಡಿಯೋದಕ್ಕೋಸ್ಕರ ಅನಿಮೇಶನ್‌ನ ಆಯಸ್ಸು ಬದಲಾಯಿಸೋದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ.

ಹಂತ 2: ಹುಟ್ಟುವಾಗ್ಲೇ ಹೆಸರು ಅಂಟಿಸಿ

ಕೋರ್ ಅನಿಮೇಶನ್‌ನಲ್ಲಿ ಒಂದು ಒಳ್ಳೇ ಸೌಲಭ್ಯ ಇದೆ. ಅನಿಮೇಶನ್ ಆಬ್ಜೆಕ್ಟ್ ಒಂದು ಡಿಕ್ಷನರಿ ಥರಾನೂ ಕೆಲಸ ಮಾಡತ್ತೆ, ಅಂದ್ರೆ "ಸೆಟ್ ವ್ಯಾಲ್ಯೂ ಫಾರ್ ಕೀ" ಅಂತ ನಿಮಗೆ ಬೇಕಾದ ಕೀ, ನಿಮಗೆ ಬೇಕಾದ ಬೆಲೆ ಅದರೊಳಗೆ ಇಡಬಹುದು. ಕಾಪಿ ಆಗುವಾಗ ಈ ಬೆಲೆಗಳೂ ಜೊತೆಗೇ ಕಾಪಿ ಆಗತ್ತೆ. ಜೆರಾಕ್ಸ್ ಮಾಡಿಸೋ ಮುಂಚೆನೇ ಮೂಲದ ಮೇಲೆ ಹೆಸರು ಬರೆದುಬಿಟ್ರೆ ಪ್ರತಿಯಲ್ಲೂ ಹೆಸರು ಇರತ್ತಲ್ಲ, ಅಷ್ಟೇ.

ಮಾಡೋ ಕ್ರಮ ಹೀಗೆ. ಪೊಸಿಶನ್ ಮೇಲೆ ಒಂದು ಬೇಸಿಕ್ ಅನಿಮೇಶನ್ ಹುಟ್ಟಿಸಿ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಅಂತ ಹಾಕಿ. ಡೆಲಿಗೇಟ್ ಹಾಕಿ. ಆಮೇಲೆ ಸೆಟ್ ವ್ಯಾಲ್ಯೂಗೆ "ಹಾರಾಟ" ಅನ್ನೋ ಬೆಲೆ, "ನನ್ನಹೆಸರು" ಅನ್ನೋ ಕೀ ಕೊಡಿ. ಕೊನೆಗೆ ಲೇಯರ್‌ಗೆ ಸೇರಿಸಿ. ಕುಣಿತಕ್ಕೆ, ಮಸುಕಿಗೆ ಇದೇ ಕೀ, ಬೇರೆ ಬೇರೆ ಬೆಲೆ.

ಕೀ ಹೆಸರು ಆರಿಸುವಾಗ ಹುಷಾರು. "ಡ್ಯುರೇಶನ್", "ಸ್ಪೀಡ್", "ಕೀಪಾತ್" ಥರದ ಹೆಸರು ಬೇಡ, ಅವು ಅನಿಮೇಶನ್‌ನ ಸ್ವಂತ ಪ್ರಾಪರ್ಟಿಗಳು, ನೀವು ಇಟ್ಟ ಬೆಲೆ ಅಲ್ಲಿ ಹೋಗಿ ಕೂರತ್ತೆ. "ಟೈಪ್" ಅಂತೂ ಬೇಡವೇ ಬೇಡ. ಬೇಸಿಕ್ ಅನಿಮೇಶನ್‌ಗೆ ಆ ಹೆಸರಿನ ಪ್ರಾಪರ್ಟಿ ಇಲ್ಲ, ಹಾಗಾಗಿ ಮೊದಲು ಸರಿಯಾಗೇ ಓಡತ್ತೆ, ಆರು ತಿಂಗಳಾದ್ಮೇಲೆ ಯಾರೋ ಟ್ರಾನ್ಸಿಶನ್ ಅನಿಮೇಶನ್‌ಗೂ ಅದೇ ಕೀ ಹಾಕ್ತಾರೆ, ಅದಕ್ಕೆ ನಿಜವಾಗ್ಲೂ ಟೈಪ್ ಅಂತ ಪ್ರಾಪರ್ಟಿ ಇದೆ, ಟ್ರಾನ್ಸಿಶನ್ ಕೆಟ್ಟೋಗತ್ತೆ. ನಿಮ್ಮ ಆ್ಯಪ್ ಹೆಸರನ್ನ ಮುಂದೆ ಸೇರಿಸಿ ಒಂದು ಉದ್ದ ಕೀ ಮಾಡ್ಕೊಳ್ಳಿ, ಅದನ್ನ ಒಂದು ಕಡೆ ಕಾನ್‌ಸ್ಟೆಂಟ್ ಆಗಿ ಬರೆದಿಡಿ. ಎರಡು ಕಡೆ ಕೈಯಲ್ಲೇ ಟೈಪ್ ಮಾಡಿ ಒಂದಕ್ಷರ ತಪ್ಪಾದ್ರೆ ಕಂಪೈಲರ್ ಏನೂ ಹೇಳಲ್ಲ. ಹೆಸರುಗಳಿಗೆ ಎನಮ್ ಮಾಡ್ಕೊಂಡ್ರೆ ಇನ್ನೂ ಒಳ್ಳೇದು, ಎನಮ್ ಅಂದ್ರೆ ಇಷ್ಟೇ ಬೆಲೆಗಳಲ್ಲಿ ಒಂದಾಗಿರಬೇಕು ಅಂತ ಕಟ್ಟು ಹಾಕಿರೋ ಪಟ್ಟಿ. ಅದರ ಸ್ಟ್ರಿಂಗ್ ಬೆಲೆನ ಒಳಗಿಡಿ.

ಇಲ್ಲಿ ತುಂಬಾ ಜನಕ್ಕೆ ಆಗೋ ಗೊಂದಲ ಒಂದಿದೆ. ಲೇಯರ್‌ಗೆ ಸೇರಿಸುವಾಗಲೂ ಒಂದು ಕೀ ಕೊಡ್ತೀವಲ್ಲ, ಅದು ಬೇರೆ, ಈಗ ಅಂಟಿಸಿದ ಹೆಸರು ಬೇರೆ. ಲೇಯರ್‌ಗೆ ಕೊಡೋ ಕೀ ಬಸ್ಸಲ್ಲಿ ಸೀಟ್ ನಂಬರ್ ಇದ್ದ ಹಾಗೆ, ನಾವು ಅಂಟಿಸೋದು ಪ್ರಯಾಣಿಕರ ಹೆಸರು. ಕಾಲ್‌ಬ್ಯಾಕಲ್ಲಿ ಇಳಿದವರು ಯಾರು ಅಂತ ಗೊತ್ತಾಗತ್ತೆ, ಅವರು ಯಾವ ಸೀಟಲ್ಲಿ ಕೂತಿದ್ರು ಅಂತ ಅನಿಮೇಶನ್ ಆಬ್ಜೆಕ್ಟ್ ಹೇಳಲ್ಲ. ಆ ಸೀಟ್ ನಂಬರ್ ಕೂಡ ಬೇಕು ಅಂದ್ರೆ ಅದನ್ನೂ ಇನ್ನೊಂದು ಬೆಲೆಯಾಗಿ ಅಂಟಿಸ್ಬೇಕು.

ಹಂತ 3: ಕಾಲ್‌ಬ್ಯಾಕಲ್ಲಿ ಹೆಸರು ಓದಿ

ಇದು ಸಣ್ಣ ಕೆಲಸ. ಬಂದ ಆಬ್ಜೆಕ್ಟ್‌ಗೆ "ವ್ಯಾಲ್ಯೂ ಫಾರ್ ಕೀ" ಅಂತ ಕೇಳಿ, ಸ್ಟ್ರಿಂಗ್ ಆಗಿ ಬದಲಾಯಿಸಿ, ಸ್ವಿಚ್ ಹಾಕಿ. ಹೆಸರೇ ಇಲ್ಲದ್ದು ಬಂದ್ರೆ ಸುಮ್ನೆ ವಾಪಸ್ ಹೋಗೋದು ಬೇಡ, ಡೆವಲಪ್ಮೆಂಟ್ ಹೊತ್ತಲ್ಲಾದ್ರೂ ಒಂದು ಪ್ರಿಂಟ್ ಹಾಕಿ, ಯಾರೋ ಹೆಸರು ಅಂಟಿಸೋದು ಮರೆತಿದಾರೆ ಅಂತ ಅಲ್ಲೇ ಗೊತ್ತಾಗತ್ತೆ.

ಮೆಥಡ್ ಬರ್ತಾನೇ ಇಲ್ಲ ಅಂದ್ರೆ ಅದರ ಸಹಿ ನೋಡಿ, ಅಂದ್ರೆ ಹೆಸರು ಮತ್ತು ಪ್ಯಾರಾಮೀಟರ್‌ಗಳ ಬರವಣಿಗೆ. 2016ರಲ್ಲಿ ಐಒಎಸ್ 10 ಮತ್ತು ಸ್ವಿಫ್ಟ್ 3 ಬಂದಾಗ ಇದು ಬದಲಾಯ್ತು, ಅಲ್ಲೀತನಕ ಯಾವ ಪ್ರೊಟೊಕಾಲೂ ಹೇಳ್ಕೋಬೇಕಾಗಿರಲಿಲ್ಲ, ಆಮೇಲೆ "ಸಿಎ ಅನಿಮೇಶನ್ ಡೆಲಿಗೇಟ್" ಅನ್ನೋ ಪ್ರೊಟೊಕಾಲ್ ಹೇಳ್ಕೊಳ್ಳೋದು ಕಡ್ಡಾಯ ಆಯ್ತು (ಪ್ರೊಟೊಕಾಲ್ ಅಂದ್ರೆ ಯಾವ ಮೆಥಡ್ ಹೇಗಿರಬೇಕು ಅಂತ ಹೇಳೋ ಕರಾರು, ಸಿಎ ಅಂದ್ರೆ ಕೋರ್ ಅನಿಮೇಶನ್). ಅದರೊಳಗಿನ ಮೆಥಡ್‌ಗಳು ಇದ್ರೂ ಆಯ್ತು ಇಲ್ದಿದ್ರೂ ಆಯ್ತು ಅನ್ನೋ ಥರದವು, ಹಾಗಾಗಿ ಹಳೇ ಲೇಖನದಿಂದ ಹಳೇ ಸಹಿ ಕಾಪಿ ಹೊಡೆದ್ರೆ ಕಂಪೈಲ್ ಆಗತ್ತೆ, ಓಡತ್ತೆ, ಕಾಲ್‌ಬ್ಯಾಕ್ ಮಾತ್ರ ಯಾವತ್ತೂ ಬರಲ್ಲ. ಯಾವಾಗ್ಲೂ ಆಟೋಕಂಪ್ಲೀಟ್ ಕೊಟ್ಟ ಸಹಿನೇ ಬಳಸಿ.

ಹಂತ 4: "ಮುಗೀತು" ಬೇರೆ, "ನಿಂತೋಯ್ತು" ಬೇರೆ

ಯಾವ್ದು ಅಂತ ಗೊತ್ತಾಯ್ತು, ಸರಿ. ಹೇಗೆ ಮುಗೀತು ಅನ್ನೋದು ಅದಕ್ಕಿಂತ ಮುಖ್ಯ, ನಿಜವಾದ ಬಗ್‌ಗಳು ಹುಟ್ಟೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಓದಿ.

ಮೆಥಡ್ ಹೆಸರಲ್ಲೇ ಇದೆ ನೋಡಿ, "ಡಿಡ್ ಸ್ಟಾಪ್", ಅಂದ್ರೆ ನಿಂತಿತು ಅಂತ. ಕೊನೇವರೆಗೂ ಓಡಿ ನಿಂತ್ರೆ ಫಿನಿಶ್ಡ್ ಟ್ರೂ ಬರತ್ತೆ. ಮಧ್ಯದಲ್ಲಿ ಯಾರೋ ಕಿತ್ತು ಹಾಕಿದ್ರೂ ಇದೇ ಮೆಥಡ್ ಬರತ್ತೆ, ಫಿನಿಶ್ಡ್ ಮಾತ್ರ ಫಾಲ್ಸ್. ಮಧ್ಯದಲ್ಲಿ ಕೀಳೋದು ಯಾವಾಗ? ನೀವೇ "ರಿಮೂವ್ ಆಲ್ ಅನಿಮೇಶನ್ಸ್" ಕರೆದಾಗ. ಬಳಸೋರು ಹೋಮ್‌ಗೆ ಹೋಗಿ ಆ್ಯಪ್ ಹಿನ್ನೆಲೆಗೆ ಸರಿದಾಗ. ಮತ್ತೆ ಅದೇ ಲೇಯರ್‌ಗೆ ಅದೇ ಕೀಯಲ್ಲಿ ಇನ್ನೊಂದು ಅನಿಮೇಶನ್ ಸೇರಿಸಿದಾಗ, ಅಂದ್ರೆ ಅದೇ ಸೀಟಿಗೆ ಇನ್ನೊಬ್ಬರು ಬಂದ್ರೆ ಕೂತಿದ್ದವರು ಏಳಲೇಬೇಕು.

ಈ ಮೂರನೇದು ತುಂಬಾ ಕಾಡತ್ತೆ. ಬಳಸೋರು ಎರಡು ತಿಂಡಿ ಪಕ್ಕದ ಬಟನ್ನ ಪಟಪಟ ಅಂತ ಒಂದರ ಹಿಂದೆ ಒಂದು ಒತ್ತಿದ್ರು ಅಂದ್ಕೊಳ್ಳಿ. ಎರಡನೇ ಕುಣಿತ ಶುರು ಆಯ್ತು, ಸೀಟ್ ಕಳ್ಕೊಂಡ ಮೊದಲನೇ ಕುಣಿತದ ಸುದ್ದಿ ಆಮೇಲೆ ನಿಮ್ಮ ಮೆಥಡ್‌ಗೆ ಬಂತು. ಹೆಸರು "ಕುಣಿತ" ಅಂತ ಇದೆ, ಕುಣಿತ ಮುಗಿದಾಗ ಒರೆಸೋ ಕೋಡ್ ಏನಾದ್ರೂ ಬರೆದಿದ್ರೆ ನೀವು ಕುಣಿತ ಮುಗೀತು ಅಂದ್ಕೊಂಡು ಎಲ್ಲಾ ಒರೆಸಿ ಹಾಕ್ತೀರ, ಅಲ್ಲಿ ಎರಡನೇದು ಇನ್ನೂ ಓಡ್ತಾ ಇದೆ. ಪರದೆ ಮೇಲೆ ಒಂದು ಮಿಣುಕು, ಕೆಲವೊಮ್ಮೆ ಸಂಖ್ಯೆ ಅರ್ಧಕ್ಕೇ ನಿಂತೋಗೋದು. ನಿಧಾನಕ್ಕೆ ಒತ್ತಿ ಟೆಸ್ಟ್ ಮಾಡೋರಿಗೆ ಇದು ಕಾಣೋದೇ ಇಲ್ಲ.

ಪರಿಹಾರ ಅಂದ್ರೆ ಹೆಸರಿನ ಜೊತೆ ಒಂದು ಟೋಕನ್ ನಂಬರೂ ಅಂಟಿಸೋದು. ಕ್ಲಾಸಲ್ಲಿ ಒಂದು ಎಣಿಕೆ ಇಟ್ಕೊಳ್ಳಿ, ಪ್ರತಿ ಸಲ ಕುಣಿತ ಶುರು ಮಾಡುವಾಗ ಒಂದು ಹೆಚ್ಚಿಸಿ, ಆ ನಂಬರ್ನ ಅನಿಮೇಶನ್ ಒಳಗೆ ಇಡಿ. ಕಾಲ್‌ಬ್ಯಾಕಲ್ಲಿ ಒಳಗಿರೋ ನಂಬರೂ ಈಗಿನ ಎಣಿಕೆನೂ ಒಂದೇ ಆಗಿದ್ರೆ ಮಾತ್ರ ಮುಂದಿನ ಕೆಲಸ ಮಾಡಿ, ಇಲ್ಲಾಂದ್ರೆ ಅದು ಹಳೇದು, ಬಿಟ್ಟಾಕಿ. ದರ್ಶಿನಿ ಕೌಂಟರಲ್ಲಿ ಟೋಕನ್ ನೋಡಿ ತಟ್ಟೆ ಕೊಡ್ತಾರಲ್ಲ, "ದೋಸೆ ಯಾರದ್ದು" ಅಂತ ಕೂಗಿದ್ರೆ ಹತ್ತು ಜನ ಕೈ ಎತ್ತುತಾರೆ.

ಇನ್ನು ಫಾಲ್ಸ್ ಬಂದಾಗ ಏನು ಮಾಡ್ಬೇಕು ಅನ್ನೋದನ್ನ ಪ್ರತಿ ಅನಿಮೇಶನ್‌ಗೂ ಬೇರೆಯಾಗಿ ಯೋಚಿಸಿ. "ಫಿನಿಶ್ಡ್ ಇಲ್ಲಾಂದ್ರೆ ವಾಪಸ್" ಅಂತ ಮೇಲ್ಗಡೆ ಒಂದೇ ಸಾಲು ಬರೆದು ಕೈ ತೊಳ್ಕೊಳ್ಳೋರು ತುಂಬಾ ಜನ, ಅದು ಅಪಾಯ. ಮಸುಕು ಓಡ್ತಾ ಇದ್ದಾಗ ಫೋನ್ ಕರೆ ಬಂತು, ಬಳಸೋರು ಹೊರಗೆ ಹೋದ್ರು, ಫಾಲ್ಸ್ ಬಂತು, ನೀವು ವಾಪಸ್ ಹೋದ್ರಿ, ಬಟನ್ ಸಕ್ರಿಯ ಮಾಡೋ ಸಾಲು ಓಡಲೇ ಇಲ್ಲ. ಈಗ ಆ ಬಟನ್ ಸತ್ತಿದೆ, ಆ್ಯಪ್ ಮುಚ್ಚಿ ತೆಗೆಯೋವರೆಗೂ ದೋಸೆ ಸಿಗಲ್ಲ. ಇದು ನಾನೇ ಮಾಡಿದ ತಪ್ಪು, ಹುಡುಕೋಕೆ ಎರಡು ದಿನ ಹಿಡೀತು. ಸ್ವಚ್ಛ ಮಾಡೋ ಕೆಲಸ, ಅಂದ್ರೆ ಹಾರಿದ ಚಿತ್ರ ತೆಗೆಯೋದು, ಬಟನ್ ಬಿಡಿಸೋದು, ಇವು ಟ್ರೂ ಬಂದ್ರೂ ಫಾಲ್ಸ್ ಬಂದ್ರೂ ಆಗ್ಬೇಕು. ಮುಂದಿನ ಅನಿಮೇಶನ್ ಶುರು ಮಾಡೋದು ಟ್ರೂ ಬಂದಾಗ ಮಾತ್ರ. ಮತ್ತೆ ಕಾರ್ಟ್‌ಗೆ ದೋಸೆ ಸೇರಿಸೋ ನಿಜವಾದ ಲೆಕ್ಕ ಇದೆಯಲ್ಲ, ಅದನ್ನ ಕಾಲ್‌ಬ್ಯಾಕಲ್ಲಿ ಇಡಲೇಬೇಡಿ, ಬಟನ್ ಒತ್ತಿದ ಕ್ಷಣದಲ್ಲೇ ಮಾಡಿ ಮುಗಿಸಿ. ಅನಿಮೇಶನ್ ಬರೀ ತೋರಿಕೆ, ಗಿರಾಕಿ ಆರ್ಡರ್ ಅದರ ಮೇಲೆ ನಿಲ್ಲಬಾರದು.

ಹಂತ 5: ಗ್ರೂಪ್ ಮಾಡಿದ್ರೆ ಡೆಲಿಗೇಟ್ ಗ್ರೂಪಿಗೇ ಹಾಕಿ

ದೋಸೆ ಹಾರ್ತಾ ಹಾರ್ತಾ ಚಿಕ್ಕದೂ ಆಗ್ಬೇಕು ಅಂದ್ರೆ ಎರಡು ಅನಿಮೇಶನ್ನ ಒಂದು ಗ್ರೂಪಿಗೆ ಹಾಕ್ತೀವಿ. ಆಗ ಒಳಗಿನ ಮಕ್ಕಳ ಡೆಲಿಗೇಟ್‌ಗಳನ್ನ ಸಿಸ್ಟಮ್ ಲೆಕ್ಕಕ್ಕೇ ತಗೊಳ್ಳಲ್ಲ, ಕಾಲ್‌ಬ್ಯಾಕ್ ಬರೋದು ಗ್ರೂಪಿಗೆ ಮಾತ್ರ. ಹೆಸರು, ಟೋಕನ್, ಡೆಲಿಗೇಟ್ ಎಲ್ಲಾ ಗ್ರೂಪ್ ಮೇಲೆ ಅಂಟಿಸಿ. ಗ್ರೂಪಿಗೆ ಸಮಯ ಕೊಡೋದು ಮರೀಬೇಡಿ, ಕೊಡದಿದ್ರೆ ಸಾಮಾನ್ಯವಾಗಿ 0.25 ಸೆಕೆಂಡಲ್ಲಿ ಮುಗಿದುಹೋಗತ್ತೆ, ಒಳಗಿನದ್ದು 1 ಸೆಕೆಂಡ್ ಅಂತ ಬರೆದಿದ್ರೂ ಅಲ್ಲಿಗೇ ಕತ್ತರಿಸಿಬಿಡತ್ತೆ. ಪ್ರತಿ ತುಂಡು ಮುಗಿದಿದ್ದೂ ಬೇರೆ ಬೇರೆ ತಿಳೀಬೇಕು ಅಂದ್ರೆ ಗ್ರೂಪ್ ಬಿಟ್ಟು ಎರಡನ್ನೂ ಬೇರೆ ಬೇರೆ ಕೀಯಲ್ಲಿ ಲೇಯರ್‌ಗೆ ಸೇರಿಸಿ.

ಹಂತ 6: ಡೆಲಿಗೇಟ್ ನಿಜವಾಗ್ಲೂ ಬೇಕಾ ಅಂತ ಕೇಳ್ಕೊಳ್ಳಿ

ವ್ಯೂನ ಜಾಗ, ಗಾತ್ರ, ಮಸುಕು ಇಷ್ಟೇ ಬದಲಾಗೋದಾದ್ರೆ "ಯುಐವ್ಯೂ ಅನಿಮೇಟ್" ಸಾಕು. ಇದರಲ್ಲಿ ಪ್ರತಿ ಅನಿಮೇಶನ್ ಜೊತೆಗೇ ಅದರದ್ದೇ ಕಂಪ್ಲೀಶನ್ ಬ್ಲಾಕ್ ಬರೀತೀವಿ, ಬ್ಲಾಕ್ ಅಂದ್ರೆ ಆಮೇಲೆ ಓಡ್ಲಿ ಅಂತ ಕಟ್ಟಿ ಕೊಡೋ ಕೋಡ್ ಗಂಟು. ಮೂರು ಅನಿಮೇಶನ್, ಮೂರು ಗಂಟು, ಯಾವ್ದು ಯಾವ್ದು ಅನ್ನೋ ಪ್ರಶ್ನೆನೇ ಹುಟ್ಟಲ್ಲ. 2010ರಲ್ಲಿ ಐಒಎಸ್ 4 ಜೊತೆ ಬಂದಿದ್ದು ಇದು. ಅದಕ್ಕೂ ಹಿಂದಿನ "ಬಿಗಿನ್ ಅನಿಮೇಶನ್ಸ್" ಪದ್ಧತಿಯಲ್ಲಿ ಒಂದು ಗುರುತಿನ ಸ್ಟ್ರಿಂಗ್ ಕೊಟ್ರೆ ಅದು ಕಾಲ್‌ಬ್ಯಾಕಲ್ಲಿ ವಾಪಸ್ ಬರ್ತಿತ್ತು, ಐಒಎಸ್ 13ರಿಂದ ಅದನ್ನ ಬಳಸ್ಬೇಡಿ ಅಂತ ಗುರುತು ಹಾಕಿದಾರೆ. ಹಳೇ ಆಬ್ಜೆಕ್ಟಿವ್ ಸಿ ಪ್ರಾಜೆಕ್ಟ್ ನಿಮ್ಮ ಪಾಲಿಗೆ ಬಂದಿದ್ರೆ ಒಂದು ನೋಡ್ಕೊಳ್ಳಿ: ಅಲ್ಲಿ ಫಿನಿಶ್ಡ್ ಅನ್ನೋದು ಬರೀ ಹೌದು-ಇಲ್ಲ ಅಲ್ಲ, ಎನ್‌ಎಸ್‌ನಂಬರ್ ಆಬ್ಜೆಕ್ಟ್. ಅದನ್ನ ಹಾಗೇ ಇಫ್ ಒಳಗೆ ಹಾಕಿದ್ರೆ ಒಳಗೆ ಸುಳ್ಳು ಇದ್ರೂ ನಿಜ ಅಂತಾನೇ ಆಗತ್ತೆ, "ಬೂಲ್ ವ್ಯಾಲ್ಯೂ" ತೆಗೆದು ನೋಡ್ಬೇಕು.

ಮಧ್ಯದಲ್ಲಿ ನಿಲ್ಲಿಸೋದು, ತಿರುಗಿಸೋದು ಇದ್ರೆ ಐಒಎಸ್ 10ರಲ್ಲಿ ಬಂದ "ಯುಐವ್ಯೂ ಪ್ರಾಪರ್ಟಿ ಅನಿಮೇಟರ್" ಚೆನ್ನಾಗಿದೆ, ಅದು ಮುಗಿದಿದ್ದು ಕೊನೆಯಲ್ಲಾ, ಶುರುವಿನಲ್ಲಾ, ಮಧ್ಯದಲ್ಲಾ ಅಂತ ಮೂರು ಥರ ಹೇಳತ್ತೆ. "ಸ್ಟಾಪ್ ಅನಿಮೇಶನ್"ಗೆ ಟ್ರೂ ಕೊಟ್ಟು ನಿಲ್ಲಿಸಿದ್ರೆ ಕಂಪ್ಲೀಶನ್ ಬರಲ್ಲ ಅನ್ನೋದು ನೆನಪಿರಲಿ. ಫಾಲ್ಸ್ ಕೊಟ್ಟು, ಆಮೇಲೆ "ಫಿನಿಶ್ ಅನಿಮೇಶನ್" ಕರೆದ್ರೆ ಬರತ್ತೆ. ಸ್ವಿಫ್ಟ್ ಯುಐ ಬಳಸೋರಿಗೆ ಐಒಎಸ್ 17ರಿಂದ "ವಿತ್ ಅನಿಮೇಶನ್"ಗೇ ಕಂಪ್ಲೀಶನ್ ಕೊಡಬಹುದು.

ಲೇಯರ್ ಅನಿಮೇಶನ್ನೇ ಬೇಕು, ಗಂಟೂ ಬೇಕು ಅನ್ನೋರಿಗೆ "ಸಿಎ ಟ್ರಾನ್ಸಾಕ್ಷನ್" ಇದೆ. ಬಿಗಿನ್, ಆಮೇಲೆ ಸೆಟ್ ಕಂಪ್ಲೀಶನ್ ಬ್ಲಾಕ್, ಆಮೇಲೆ ಅನಿಮೇಶನ್ ಸೇರಿಸೋದು, ಕೊನೆಗೆ ಕಮಿಟ್. ಕ್ರಮ ತಪ್ಪಬಾರದು. ಬ್ಲಾಕ್ ಹಾಕಿದ ಮೇಲೆ ಸೇರಿಸಿದ ಅನಿಮೇಶನ್‌ಗಳಿಗೆ ಮಾತ್ರ ಅದು ಕಾಯತ್ತೆ, ಮೊದಲೇ ಸೇರಿಸಿಬಿಟ್ಟು ಆಮೇಲೆ ಬ್ಲಾಕ್ ಹಾಕಿದ್ರೆ ಕಾಯೋಕೆ ಏನೂ ಇಲ್ಲ ಅಂತ ತಕ್ಷಣ ಓಡಿಬಿಡತ್ತೆ. ಇದರ ಕೊರತೆ ಅಂದ್ರೆ ಫಿನಿಶ್ಡ್ ಬೆಲೆ ಸಿಗಲ್ಲ, ಮಧ್ಯದಲ್ಲಿ ಕಿತ್ರೂ ಅದೇ ಬ್ಲಾಕ್ ಓಡತ್ತೆ.

ಹಂತ 7: ಮೆಮೊರಿ ಕಡೆ ಒಂದು ಕಣ್ಣು

ಬೇರೆ ಕಡೆ ಹೆಚ್ಚಾಗಿ ಡೆಲಿಗೇಟ್ ಅಂದ್ರೆ ವೀಕ್ ರೆಫರೆನ್ಸ್, ಅಂದ್ರೆ ಸಡಿಲ ಹಿಡಿತ, ಮಾಲೀಕ ಹೋದ್ರೆ ಅದೂ ಬಿಟ್ಟುಬಿಡತ್ತೆ. ಆದ್ರೆ ಸಿಎ ಅನಿಮೇಶನ್ ಡೆಲಿಗೇಟ್ನ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ಒಂದೆರಡು ಸೆಕೆಂಡಿನ ಅನಿಮೇಶನ್ ಆದ್ರೆ ತೊಂದರೆ ಇಲ್ಲ. ನಿಲ್ಲದೇ ತಿರುಗೋ ಲೋಡಿಂಗ್ ಚಕ್ರಕ್ಕೆ ವ್ಯೂ ಕಂಟ್ರೋಲರ್ನ ಡೆಲಿಗೇಟ್ ಮಾಡಿದ್ರೆ ಲೇಯರ್ ಅನಿಮೇಶನ್ನ ಹಿಡಿದಿದೆ, ಅನಿಮೇಶನ್ ಕಂಟ್ರೋಲರ್ನ ಹಿಡಿದಿದೆ, ಕಂಟ್ರೋಲರ್ ವ್ಯೂ ಮೂಲಕ ಲೇಯರ್ನ ಹಿಡಿದಿದೆ, ಯಾರೂ ಯಾರನ್ನೂ ಬಿಡಲ್ಲ. ಸ್ಕ್ರೀನ್ ಮರೆಯಾಗುವಾಗ ಅನಿಮೇಶನ್ ಕಿತ್ತು ಹಾಕಿ. ಅನಿಮೇಶನ್ ಒಳಗೆ ಹೆಸರಿನ ಬದಲು ಲೇಯರ್‌ನೇ ಬೆಲೆಯಾಗಿ ಇಡೋ ಪದ್ಧತಿನೂ ಇದೆ, ಮುಗಿದಾಗ ತೆಗೆಯೋಕೆ ಸುಲಭ ಅಂತ. ಅಲ್ಲೂ ಇದೇ ಸುತ್ತು ಆಗತ್ತೆ, ಅನಿಮೇಶನ್ ತಾನಾಗೇ ಕಿತ್ಕೊಂಡು ಹೋಗೋ ಹಾಗಿದ್ರೆ ಮಾತ್ರ ಸರಿ.

ಹಂತ 8: ಆಂಡ್ರಾಯ್ಡಲ್ಲಿ

ಇಲ್ಲಿ ಕಾಪಿ ಕಾಟ ಇಲ್ಲ. ನೀವೇ "ಆಬ್ಜೆಕ್ಟ್ ಅನಿಮೇಟರ್" ಹುಟ್ಟಿಸಿ ಲಿಸನರ್ ಹಾಕಿದ್ರೆ "ಆನ್ ಅನಿಮೇಶನ್ ಎಂಡ್"ಗೆ ಬರೋದು ಅದೇ ಆಬ್ಜೆಕ್ಟ್, ಕಾಟ್ಲಿನ್‌ನಲ್ಲಿ ಮೂರು ಸಮ ಚಿಹ್ನೆ ಹಾಕಿ ಹೋಲಿಸಿದ್ರೆ ಹೊಂದತ್ತೆ. ಆದ್ರೂ ಪ್ರತಿ ಅನಿಮೇಟರ್‌ಗೂ ಬೇರೆ ಪುಟ್ಟ ಲಿಸನರ್ ಹಾಕೋದೇ ಚೊಕ್ಕ. "ಅನಿಮೇಟರ್ ಸೆಟ್"ಗೆ ಹಾಕಿದ ಲಿಸನರ್‌ಗೆ ಸೆಟ್ ಬರತ್ತೆ, ಐಫೋನ್ ಗ್ರೂಪ್ ಥರ ಅಲ್ಲದೆ ಇಲ್ಲಿ ಒಳಗಿನವಕ್ಕೂ ಅವರವರ ಲಿಸನರ್ ಕೆಲಸ ಮಾಡತ್ತೆ.

ಎಡವೋದು ಎಲ್ಲಿ ಅಂದ್ರೆ, ಕ್ಯಾನ್ಸಲ್ ಮಾಡಿದ್ರೆ ಮೊದಲು "ಆನ್ ಅನಿಮೇಶನ್ ಕ್ಯಾನ್ಸಲ್" ಬರತ್ತೆ, ಅದರ ಹಿಂದೆನೇ "ಎಂಡ್" ಕೂಡ ಬರತ್ತೆ. ಎಂಡ್ ಬಂತು ಅಂದ ಮಾತ್ರಕ್ಕೆ ಪೂರ್ತಿ ಓಡಿದೆ ಅಂತಲ್ಲ. ಇಲ್ಲಿ ಫಿನಿಶ್ಡ್ ಬೆಲೆನೂ ಕೊಡಲ್ಲ, ಲಿಸನರ್ ಒಳಗೆ ನೀವೇ ಒಂದು "ರದ್ದಾಯ್ತು" ವೇರಿಯಬಲ್ ಇಟ್ಕೊಂಡು ಕ್ಯಾನ್ಸಲಲ್ಲಿ ಟ್ರೂ ಮಾಡಿ, ಎಂಡಲ್ಲಿ ನೋಡ್ಬೇಕು. ಕಾಟ್ಲಿನ್‌ನ "ಡೂ ಆನ್ ಎಂಡ್" ಬಳಸಿದ್ರೂ ಇದೇ ಕಥೆ.

ಇನ್ನೊಂದು, "ವ್ಯೂ ಡಾಟ್ ಅನಿಮೇಟ್" ಬಳಸೋರು ಗಮನಿಸಿ. ಇದು ಆ ವ್ಯೂಗೆ ಪ್ರತಿ ಸಲ ಒಂದೇ ಆಬ್ಜೆಕ್ಟ್ ಕೊಡತ್ತೆ, ಹಾಗಾಗಿ ಮಸುಕಿಗೆ ಅಂತ ಹಾಕಿದ ಲಿಸನರ್ ಅಲ್ಲೇ ಅಂಟ್ಕೊಂಡಿರತ್ತೆ, ಆಮೇಲೆ ಅದೇ ವ್ಯೂನ ಜಾಗ ಸರಿಸಿದ್ರೂ ಹಳೇ ಲಿಸನರ್ ಕೂಗತ್ತೆ. ವ್ಯೂ ಸುಮ್ಮಸುಮ್ಮನೆ ಮಾಯ ಆಗ್ತಿದೆ ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ನೋಡೋದೇ ಇದನ್ನ. ಹೊಸದು ಶುರು ಮಾಡೋ ಮುಂಚೆ ಸೆಟ್ ಲಿಸನರ್‌ಗೆ ನಲ್ ಕೊಡಿ, ಅಥವಾ "ವಿತ್ ಎಂಡ್ ಆ್ಯಕ್ಷನ್" ಬಳಸಿ, ಅದು ಒಂದು ಸಲಕ್ಕೆ ಮಾತ್ರ, ಕ್ಯಾನ್ಸಲ್ ಆದ್ರೆ ಓಡಲ್ಲ. ಹಳೇ ಕಾಲದ "ಸ್ಟಾರ್ಟ್ ಅನಿಮೇಶನ್" ಪದ್ಧತಿಯಲ್ಲಿದ್ರೆ ಒಂದೇ ಅನಿಮೇಶನ್ ಆಬ್ಜೆಕ್ಟ್ನ ಎರಡು ವ್ಯೂಗೆ ಹಂಚಬೇಡಿ, ಮತ್ತೆ ಎಂಡ್ ಒಳಗೇ ನೇರವಾಗಿ ವ್ಯೂ ಕಿತ್ತು ಹಾಕ್ಬೇಡಿ, ಚಿತ್ರ ಬರೀತಾ ಇರೋ ಹೊತ್ತಲ್ಲೇ ಕಿತ್ತ ಹಾಗಾಗಿ ಆ್ಯಪ್ ಬೀಳಬಹುದು, "ಪೋಸ್ಟ್" ಮಾಡಿ, ಅಂದ್ರೆ ಸ್ವಲ್ಪ ಆಮೇಲೆ ಓಡೋ ಹಾಗೆ ಸಾಲಿಗೆ ಹಾಕಿ, ಕೀಳಿ.

ಫ್ಲಟರ್ ಮಾಡೋರಿಗೆ ಎರಡೇ ಮಾತು. ಸ್ಟೇಟಸ್ ಲಿಸನರ್‌ಗೆ ಬರೋದು ಸ್ಥಿತಿ ಮಾತ್ರ, ಯಾವ ಕಂಟ್ರೋಲರ್ ಅಂತ ಅದು ಹೇಳೋದೇ ಇಲ್ಲ, ಹಾಗಾಗಿ ಒಂದೇ ಫಂಕ್ಷನ್ನ ಮೂರು ಕಂಟ್ರೋಲರ್‌ಗೆ ಹಾಕಿದ್ರೆ ಯಾವ್ದು ಅಂತ ತಿಳಿಯೋಕೆ ದಾರಿ ಇಲ್ಲ, ಪ್ರತಿಯೊಂದಕ್ಕೂ ಬೇರೆ ಕ್ಲೋಶರ್, ಅಂದ್ರೆ ಅಲ್ಲೇ ಬರೆಯೋ ಪುಟ್ಟ ಫಂಕ್ಷನ್, ಬರೀರಿ. ಮತ್ತೆ "ಫಾರ್ವರ್ಡ್"ಗೆ ಅವೇಟ್ ಹಾಕಿ ಕಾಯ್ತಾ ಇದ್ದಾಗ ಮಧ್ಯದಲ್ಲಿ ನಿಲ್ಲಿಸಿದ್ರೆ ಆ ಕಾಯೋದು ಮುಗಿಯೋದೇ ಇಲ್ಲ, "ಆರ್ ಕ್ಯಾನ್ಸಲ್" ಹಾಕಿ ಟ್ರೈ-ಕ್ಯಾಚ್ ಒಳಗೆ ಇಡಿ.

ಹಂತ 9: ಒರಟಾಗಿ ಟೆಸ್ಟ್ ಮಾಡಿ

ಕಾಲ್‌ಬ್ಯಾಕಿನ ಮೊದಲ ಸಾಲಲ್ಲಿ ಹೆಸರು, ಟೋಕನ್, ಮುಗೀತಾ ನಿಂತಿತಾ ಅನ್ನೋದನ್ನ ಪ್ರಿಂಟ್ ಹಾಕಿ. ಆಮೇಲೆ ಬಟನ್ನ ಐದಾರು ಸಲ ಪಟಪಟ ಒತ್ತಿ. ಹಾರ್ತಾ ಇರುವಾಗ ಹೋಮ್‌ಗೆ ಹೋಗಿ ವಾಪಸ್ ಬನ್ನಿ. ಹಾರ್ತಾ ಇರುವಾಗ್ಲೇ ಹಿಂದಿನ ಸ್ಕ್ರೀನ್‌ಗೆ ಹೋಗಿ. ಕಣ್ಣಿಗೆ ಸಿಗದಷ್ಟು ವೇಗ ಇದ್ರೆ ಐಫೋನ್ ಸಿಮ್ಯುಲೇಟರ್ ಮೆನುವಲ್ಲಿ "ಸ್ಲೋ ಅನಿಮೇಶನ್ಸ್" ಹಾಕ್ಕೊಳ್ಳಿ, ಯಾವ್ದರ ಹಿಂದೆ ಯಾವ್ದು ಬರ್ತಿದೆ ಅಂತ ಆರಾಮಾಗಿ ನೋಡಬಹುದು. ಆಂಡ್ರಾಯ್ಡಲ್ಲಿ ಡೆವಲಪರ್ ಆಪ್ಶನ್ಸ್‌ಗೆ ಹೋಗಿ "ಅನಿಮೇಟರ್ ಡ್ಯುರೇಶನ್ ಸ್ಕೇಲ್" 10 ಮಾಡಿ ಒಂದ್ಸಲ, ಪೂರ್ತಿ ಆಫ್ ಮಾಡಿ ಒಂದ್ಸಲ ಓಡಿಸಿ. ಆಫ್ ಇದ್ದಾಗ "ಸ್ಟಾರ್ಟ್" ಕರೆದ ಮೇಲೆ ಎಂಡ್ ತುಂಬಾ ಬೇಗ ಬಂದುಬಿಡತ್ತೆ, ಸ್ಟಾರ್ಟ್ ಸಾಲಿನ ಕೆಳಗೆ ನೀವು ಬರೆದ ಟೋಕನ್ ಹೆಚ್ಚಿಸೋ ಸಾಲು, ಬಟನ್ ಮುಚ್ಚೋ ಸಾಲು ಎಂಡ್ ಆದ್ಮೇಲೆ ಓಡಿದ್ರೆ ಬಟನ್ ಮುಚ್ಚೇ ಉಳ್ಕೊಳ್ಳತ್ತೆ. ಅಂಥ ಸಾಲುಗಳನ್ನೆಲ್ಲಾ ಸ್ಟಾರ್ಟ್‌ಗಿಂತ ಮೇಲೆ ಎಳ್ಕೊಂಡು ಹೋಗಿ ಇಡಿ, ಮತ್ತೊಂದ್ಸಲ ಓಡಿಸಿ ನೋಡಿ.